ಕೋವಿಗಳ ಸಾಲಿನಲ್ಲಿ ಕಿರಣ್

ಬೋಯಿಕೇರಿಯ ತಿರುವಿನಲ್ಲಿ ಬಸ್ಸು ವಾಲಿದಾಗ ಮಧುಸೂದನ ಎದೆಗವಚಿಕೊಂಡದ್ದು ವಿಮಾನವನ್ನು. ಪಕ್ಕದಲ್ಲಿದ್ದ ಹೆಂಡತಿ ಯಮುನ ಮುಂದಿನ ಸೀಟಿನ ಕಂಬಿ ಹಿಡಿದು ತನ್ನನ್ನು ತಾನೇ ಉಳಿಸಿಕೊಂಡಳು.

"ಬಟ್ಟೆ ಮುಚ್ಚಿ. ದೃಷ್ಟಿಯಾದೀತು," ಎಂದಳು.

ಅವನು ಮುಚ್ಚಲಿಲ್ಲ. ದೃಷ್ಟಿ ಬೀಳಲೆಂದೇ ತಾನೆ ಬಸ್ಸಿನಲ್ಲಿ ತಂದದ್ದು. ಎದುರು ಸೀಟಿನವನು ಮಗುವಿಗೆ ಆಟದ ಸಾಮಾನೇ ಎಂದು ಕೇಳಿದ. ಅಲ್ಲ, ಇದು ಕಿರಣ್, ವಾಯುಸೇನೆಯ ಹುಡುಗರು ಹಾರಾಟ ಕಲಿತ ಜೆಟ್ಟು, ಅದರದೇ ಅಳತೆಗಳನ್ನು ಚಿಕ್ಕದಾಗಿಸಿ ಪ್ರತಿಯೊಂದು ಭಾಗವನ್ನೂ ತಾನೇ ಕೊರೆದು ಮಾಡಿದ್ದು ಎಂದು ಸುಂಟಿಕೊಪ್ಪ ಬರುವವರೆಗೂ ವಿವರಿಸಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವಾಗ ಇಷ್ಟು ಹುರುಪು ಅವನಿಗೆ ಎಂದೂ ಬಂದಿರಲಿಲ್ಲ. ಕೇಳಿದವನು ನಡುವೆಯೇ ನಿದ್ದೆ ಹೋಗಿದ್ದ.

ಮಧುಸೂದನ ಭಾಗಮಂಡಲದ ಅರ್ಚಕರ ಮನೆಯವನು. ಮನೆಗೊಬ್ಬ ಸೈನಿಕನಿರುವ ಸೀಮೆಯಲ್ಲಿ ಅವನ ಮನೆಯ ಗಂಡಸರು ಕೈಯಲ್ಲಿ ಹಿಡಿದ ಲೋಹವೆಂದರೆ ಗಂಟೆ, ಆರತಿತಟ್ಟೆ. ಸೇನೆಗೇಕೆ ಹೋಗಲಿಲ್ಲವೆಂದು ಕೇಳಿದವರಿಗೆ ಕಣ್ಣು ಸಾಲದು ಎನ್ನುತ್ತಿದ್ದ. ಕನ್ನಡಕ ಹಾಕುತ್ತಿರಲಿಲ್ಲ.

ಇವತ್ತು ಕೈಲ್‌ಮುಹೂರ್ತ, ಕೊಡವರು ಆಯುಧ ಪೂಜಿಸುವ ಹಬ್ಬ. ಕಿರಣ್‌ನಲ್ಲೇ ಹುಡುಗರಿಗೆ ಹಾರಾಟ ಕಲಿಸಿ ನಿವೃತ್ತರಾದ ಪೂವಯ್ಯನವರು ವಿಮಾನ ತರಲು ಹೇಳಿದ್ದರು. ನೋಡಿ ಸರಿಯೆನಿಸಿದರೆ ಮನೆಯ ಕೋವಿಗಳ ಸಾಲಿನಲ್ಲೇ ಇಟ್ಟು ಪೂಜೆ ಮಾಡೋಣ ಎಂದಿದ್ದರು. ಆ ಸಾಲಿನಲ್ಲಿ ಒಂದು ಜಾಗ. ಬದುಕಿನಲ್ಲಿ ಅವನು ಇನ್ನೇನನ್ನೂ ಇಷ್ಟು ಬಯಸಿರಲಿಲ್ಲ.

ಪೂವಯ್ಯನವರ ಮನೆಯ ತುಂಬ ಹಂದಿಮಾಂಸದ ಸಾರಿನ ಘಮ. ಇವರಿಬ್ಬರಿಗೆ ಮೂಲೆಯ ಮೇಜಿನಲ್ಲಿ ಬೇರೆಯಾಗಿ ಕಾಫಿ, ಬಾಳೆಹಣ್ಣು ಇಟ್ಟಿದ್ದರು. ಮರ್ಯಾದೆಗೆಂದೇ ಮಾಡಿದ್ದು. ಆ ಮರ್ಯಾದೆಯೇ ಅವನನ್ನು ಚುಚ್ಚಿತು.

ಪೂವಯ್ಯನವರು ವಿಮಾನವನ್ನು ಬೆಳಕಿಗೆ ಹಿಡಿದು ರೆಕ್ಕೆ, ಬಾಲ ಸವರಿ ನೋಡಿದರು. ಮಧುಸೂದನ ಪ್ಲಾಸ್ಟಿಕ್ಕನ್ನು ಒಲೆಯ ಕಾವಿಗೆ ಮೆತ್ತಗಾಗಿಸಿ ಅಚ್ಚಿನ ಮೇಲೆ ಎಳೆದು ಸೀಟುಗಳ ಮೇಲೆ ಕೂರಿಸಿದ್ದ ಗಾಜಿನಂಥ ಮುಚ್ಚಳದೊಳಗೆ ಇಣುಕಿದರು.

"ಪಕ್ಕಾ ಕಿರಣ್," ಎಂದರು. ಮಧುಸೂದನ ಯಮುನಳತ್ತ ನೋಡಿದ. ಅವಳು ಬಾಳೆಹಣ್ಣು ಸುಲಿಯುತ್ತಿದ್ದಳು.

"ಒಳಗೆ ಯಾರೂ ಇಲ್ವಲ್ಲ ಭಟ್ರೇ?"

"ಸೀಟು, ಬೆಲ್ಟು ಕಾಣ್ಲಿ ಅಂತ ಸಾರ್. ಆಳು ಕೂರಿಸಿದ್ರೆ ಮುಚ್ಚಿಹೋಗುತ್ತೆ."

"ಚಕ್ರ ಒಳಗೆ ಎಳ್ಕೊಂಡಿದೆ. ಅಂದ್ರೆ ಹಾರ್ತಾ ಇದೆ. ಯಾರು ಹಾರಿಸ್ತಿರೋದು?"

"ನಾನೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ತಾನೂ ನಕ್ಕುಬಿಡಬಹುದಿತ್ತು.

"ಕಲಿಯೋ ಹುಡುಗ ಎಡಕ್ಕೆ, ಕಲಿಸೋ ನಾವು ಬಲಕ್ಕೆ. ನೀವು ಯಾವ ಕಡೆ?"

ಅವನು ಎರಡು ಸೀಟುಗಳನ್ನೂ ನೋಡಿದ. ಎರಡನ್ನೂ ಉಗುರಿನಷ್ಟೂ ತಪ್ಪಿಲ್ಲದಂತೆ ಮಾಡಿದ್ದ. ಯಾವುದೂ ತನ್ನದೆನಿಸಲಿಲ್ಲ. ಕಾಫಿ ಚೆನ್ನಾಗಿದೆ ಎಂದ.

ಪೂವಯ್ಯನವರು ವಿಮಾನವನ್ನು ದೀಪದ ಮುಂದೆ, ಕೋವಿಗಳ ಸಾಲಿನ ಕೊನೆಯಲ್ಲಿ ಇಟ್ಟರು. ಕೋವಿಗಳ ನಳಿಗೆಗಳಿಗೆ ಸಿಕ್ಕಿಸಿದಂತೆಯೇ ಅದರ ಮೂತಿಗೂ ಒಂದು ಕೆಂಪು ತೋಕ್‌ಪೂ, ಕೋವಿಯ ಹೂವು, ಸಿಕ್ಕಿಸಿದರು. ಮನೆಯವರೆಲ್ಲ ಕೈಮುಗಿದರು. ತಾನು ಮಾಡಿದ್ದಕ್ಕೆ ಪೂವಯ್ಯನವರೇ ತಲೆಬಾಗಿದ್ದನ್ನು ಕಂಡು ಮಧುಸೂದನನ ಕಣ್ಣು ಹನಿಗೂಡಿತು. ತನ್ನ ತಂದೆಗೆ ಇದನ್ನು ತೋರಿಸಬೇಕಿತ್ತು ಎನಿಸಿತು.

ಪೂಜೆ ಮುಗಿದ ಮೇಲೆ ಹಿರಿಯರು ಆಯುಧವನ್ನು ಎತ್ತಿ ಅದರ ಒಡೆಯನ ಕೈಗೆ ಕೊಡುವುದು ಪದ್ಧತಿ. ಪೂವಯ್ಯನವರು ಒಬ್ಬೊಬ್ಬರ ಹಣೆಗೂ ಗಂಧ ಹಚ್ಚಿ ಕೋವಿ ಕೊಟ್ಟರು. ಮಧುಸೂದನ ಸಾಲಿನ ತುದಿಯಲ್ಲಿ ಶರಟು ಸರಿಮಾಡಿಕೊಂಡು ನಿಂತ. ಪೂವಯ್ಯನವರು ಕೊನೆಯ ಕೋವಿಯನ್ನು ತಾವೇ ಹೆಗಲಿಗೇರಿಸಿದರು. ಎಲ್ಲರೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆಂದು ಬಯಲಿಗೆ ನಡೆದರು. ವಿಮಾನ ದೀಪದ ಮುಂದೆಯೇ ಉಳಿಯಿತು.

"ಕೊನೇ ಬಸ್ಸು ಹೊರಡುತ್ತೆ. ಬನ್ನಿ," ಎಂದಳು ಯಮುನ.

ಅವನು ವಿಮಾನವನ್ನು ತಾನೇ ಎತ್ತಿಕೊಂಡ. ಹೂವು ಬೀಳದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಯಲಿಗೆ ಬಂದ. ಎತ್ತರದ ಮರದ ತುದಿಗೆ ಕಾಯಿ ಕಟ್ಟಿದ್ದರು. ಕೋವಿಗಳೆಲ್ಲ ಅತ್ತ ಮುಖ ಮಾಡಿದ್ದವು. ಒಬ್ಬರೂ ತಿರುಗಲಿಲ್ಲ. ಅವನು ನೇರ ಮರದ ಬುಡಕ್ಕೆ ನಡೆದು ಅವರೆದುರು ನಿಂತ.

"ಭಟ್ರೇ, ಅಡ್ಡ ಬರ್ಬೇಡಿ," ಎಂದು ಪೂವಯ್ಯನವರ ದನಿ ಕೇಳಿತು.

ಎಲ್ಲ ನಳಿಗೆಗಳೂ ಈಗ ತನ್ನ ಕಡೆಗೇ, ತಲೆಯ ಮೇಲಕ್ಕೆ, ನೆಟ್ಟಿದ್ದವು. ಕೊನೆಗೂ ಅವರು ನೋಡುತ್ತಿದ್ದರು. ಮಧುಸೂದನ ಬೆನ್ನು ನೆಟ್ಟಗೆ ಮಾಡಿ ಎರಡೂ ಕೈಗಳಿಂದ ಕಿರಣನ್ನು ತಲೆಯ ಮೇಲೆ, ಸಾಧ್ಯವಾದಷ್ಟು ಎತ್ತರಕ್ಕೆ, ಎತ್ತಿ ಹಿಡಿದ.