ಮುಟ್ಟು, ಹಾಲು ಮತ್ತು ಒಂದು ನೀಲಿ ಕ್ಯಾನು

ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕಲೆಗಳ ಮೇಜು ಅವಳದು. ಚಾದರವೋ ಟವೆಲೋ ಮೇಜಿನ ಬಟ್ಟೆಯೋ, ಯಾವುದರ ಮೇಲೆ ಏನು ಚೆಲ್ಲಿದ್ದರೂ ಯಂತ್ರಕ್ಕೆ ಹೋಗುವ ಮೊದಲು ಅವಳ ಮುಂದೆ ಬಂದು ಬೀಳಬೇಕು. ಕಾಫಿಯೋ ಚಹಾವೋ, ಲಿಪ್‌ಸ್ಟಿಕ್ಕೋ ಟೊಮ್ಯಾಟೊ ಸಾಸೋ, ಎರಡು ಮಾರು ದೂರದಿಂದಲೇ ಹೇಳಿಬಿಡುತ್ತಿದ್ದಳು. ಅಂಥವಳಿಗೆ ಆ ಮಂಗಳವಾರ ಬೆಳಿಗ್ಗೆ ತನ್ನದೇ ಬಿಳಿ ಕೋಟಿನ ಹಿಂದಿದ್ದ ಕಲೆಯನ್ನು ಬೇರೆಯವರು ತೋರಿಸಿಕೊಡಬೇಕಾಯಿತು.

"ಲೇ, ತಿರುಗು ಸ್ವಲ್ಪ," ಎಂದಳು ಇಸ್ತ್ರಿ ಅಕ್ಕ. ಪಕ್ಕದ ಇಸ್ತ್ರಿ ಯಂತ್ರದೆದುರು ಇಪ್ಪತ್ತು ವರ್ಷ ನಿಂತವಳು, ಮೂರು ಮಕ್ಕಳ ತಾಯಿ. "ಏನೇ ಇದು?"

ಅವಳು ಕೋಟಿನ ತುದಿಯನ್ನು ಮುಂದಕ್ಕೆ ಎಳೆದು ನೋಡಿದಳು. "ಇದು... ಇಲ್ಲ ಅಕ್ಕ, ಇದಾಗೋಕೆ ಸಾಧ್ಯಾನೇ ಇಲ್ಲ. ನಾನಿನ್ನೂ ಹಾಲು ಕೊಡ್ತಿದ್ದೀನಿ!"

"ಕೊಡ್ತಿದ್ರೆ?"

"ಕೊಡೋವರೆಗೂ ಮುಟ್ಟು ಬರಲ್ಲ ಅಂತಾರಲ್ಲ!"

"ಯಾರೇ ಅಂತಾರೆ? ನಿನ್ನ ಮೈಗೂ ಒಂದು ಮಾತು ಹೇಳಿದ್ದಾರಾ ಅವರು? ನಂಗೆ ಮೊದಲನೇದರಲ್ಲಿ ಒಂದು ವರ್ಷ ಸುದ್ದೀನೇ ಇರ್ಲಿಲ್ಲ. ಎರಡನೇದರಲ್ಲಿ ಮೂರೇ ತಿಂಗಳಿಗೆ ಹಾಜರ್! ನಿನ್ನ ಮಗಳು ರಾತ್ರಿ ಪೂರ್ತಿ ಮಲಗ್ತಾಳಾ?"

"ಹೂಂ, ಮೂರು ವಾರದಿಂದ."

"ಮತ್ತೆ? ಅಲ್ಲಿ ರಾತ್ರಿ ಹಾಲು ತಪ್ತು, ಇಲ್ಲಿ ಇದು ಬಂತು. ಎಂಟು ತಿಂಗಳು ಬಿಟ್ಟಿತಲ್ಲ, ಪುಣ್ಯವಂತೆ. ಮನೆಗೆ ಹೋಗಿ ಗಂಡನಿಗೂ ಹೇಳು, ಇನ್ಮೇಲೆ ಹುಷಾರಾಗಿರಿ ಅಂತ. ಇಲ್ಲಾಂದ್ರೆ ಎರಡನೇದು ಬಾಗಿಲು ತಟ್ಟುತ್ತೆ."

ಶೌಚಾಲಯದ ಗೋಡೆಯಲ್ಲಿ ಪ್ಯಾಡ್ ಕೊಡುವ ಡಬ್ಬ ಖಾಲಿ. ಅದು ಖಾಲಿ ಇಲ್ಲದ ದಿನವನ್ನು ಯಾರೂ ಕಂಡಿರಲಿಲ್ಲ ಬಿಡಿ. ಇಸ್ತ್ರಿ ಅಕ್ಕನ ಚೀಲದಲ್ಲಿ ಒಂದು ಸಿಕ್ಕಿತು. ಕೋಟನ್ನು ತಣ್ಣೀರಿಗೆ ಹಿಡಿದು ಉಜ್ಜುವಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮೇಜಿನ ಮೇಲೆ ದಿನಕ್ಕೆ ಹತ್ತು ಸಲ ರಕ್ತದ ಕಲೆ ತೆಗೆಯುತ್ತಾಳೆ, ರಕ್ತಕ್ಕೂ ಹಾಲಿಗೂ ತಣ್ಣೀರೇ, ಬಿಸಿನೀರು ಸೋಕಿದರೆ ಕಲೆ ಬೆಂದು ಕೂತುಬಿಡುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಾಳೆ. ಈಗ ನೋಡಿದರೆ ಕೋಟಿನ ಹಿಂದೆ ರಕ್ತ, ಮುಂದೆ ಸೋರಿದ ಹಾಲು!

ಅಷ್ಟರಲ್ಲಿ ಗಂಡನ ಫೋನು. ಬಸ್ ಓಡಿಸುವ ಅವನಿಗೆ ಅವತ್ತು ವಾರದ ರಜೆ.

"ಹಾಸಿಗೆ ಮೇಲೆ ಏನೋ ಚೆಲ್ಲಿದ್ಯಲ್ಲ, ಬೀಟ್‌ರೂಟಾ?"

"ಯಾರ್ರೀ ಹಾಸಿಗೆ ಮೇಲೆ ಕೂತ್ಕೊಂಡು ಬೀಟ್‌ರೂಟ್ ತಿಂತಾರೆ? ನನಗೆ ಮುಟ್ಟು ಬಂದಿದೆ."

"ಓ! ಒಳ್ಳೇದಾ, ಕೆಟ್ಟದಾ?"

"ಅದಕ್ಕೆ ಒಳ್ಳೇದು ಕೆಟ್ಟದು ಇಲ್ಲ ರೀ, ಹೊಟ್ಟೆನೋವಿದೆ ಅಷ್ಟೆ. ಚಾದರ ತಣ್ಣೀರಲ್ಲಿ ನೆನೆಹಾಕಿ. ತಣ್ಣೀರು, ತಿಳೀತಾ?"

"ತಿಳೀತು ತಿಳೀತು. ನೀನು ಯೋಚನೆ ಮಾಡ್ಬೇಡ, ಎಲ್ಲಾ ನಾನು ನೋಡ್ಕೋತೀನಿ."

ಈ ಮಾತು ಕೇಳಿದಾಗಲೇ ಅವಳು ಯೋಚನೆ ಮಾಡಬೇಕಿತ್ತು.

ಬುಧವಾರ ಬೆಳಿಗ್ಗೆ ಕಪಾಟು ತೆರೆದರೆ ಅವಳ ಅಂಗಿ, ಒಳಅಂಗಿ, ಎದೆಗೆ ಇಟ್ಟುಕೊಳ್ಳುವ ಹಾಲಿನ ಪ್ಯಾಡುಗಳು, ಎಲ್ಲವೂ ಒಗೆದು ಮಡಿಸಿ ಸಾಲಾಗಿ ಕೂತಿದ್ದವು. ಚಾದರದಲ್ಲಿ ಕಲೆಯ ಸುಳಿವೂ ಇರಲಿಲ್ಲ. ಪರವಾಗಿಲ್ಲವೇ ಇವರು ಎಂದುಕೊಂಡು, ಮೆತ್ತಗಿದ್ದ ಅಂಗಿಯೊಂದನ್ನು ತೊಟ್ಟು ಕೆಲಸಕ್ಕೆ ಹೋದಳು.

ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ ಒಗೆದ ಚಾದರಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪಂಪಿನಲ್ಲಿ ಹಾಲು ತೆಗೆಯುವುದು ಅವಳ ರೂಢಿ. ದಿನಾ ಬಾಟಲಿಯ ಕುತ್ತಿಗೆ ಮುಟ್ಟುತ್ತಿದ್ದ ಹಾಲು ಅವತ್ತು ಅರ್ಧಕ್ಕೇ ನಿಂತಿತು. ಮೊದಲ ತಿಂಗಳು ತೊಟ್ಟು ಬಿರಿದು ರಕ್ತ ಬಂದಾಗಲೂ ಹಲ್ಲುಕಚ್ಚಿ ಕೊಟ್ಟಿದ್ದ ಹಾಲು ಅದು. ಮಗಳಿಗೆ ವರ್ಷ ತುಂಬುವವರೆಗಾದರೂ ಕೊಟ್ಟೇ ತೀರುತ್ತೇನೆ ಎಂದು ಅವತ್ತೇ ತೀರ್ಮಾನಿಸಿದ್ದಳು. ಇನ್ನು ನಾಲ್ಕೇ ತಿಂಗಳು ಬಾಕಿ.

"ನಾಲ್ಕು ದಿನ ಇಳಿಯುತ್ತೆ, ಆಮೇಲೆ ತಾನಾಗೇ ಏರುತ್ತೆ," ಎಂದಳು ಇಸ್ತ್ರಿ ಅಕ್ಕ. "ನೀನು ಕೊಡೋದು ಮಾತ್ರ ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಕತೆ ಮುಗೀತು."

ನಿಲ್ಲಿಸಿದ್ದು ಅವಳಲ್ಲ, ಮಗಳು. ಸಂಜೆ ಮನೆಗೆ ಬಂದು ಎತ್ತಿಕೊಂಡರೆ ಪುಟ್ಟಿ ಎದೆಯ ಹತ್ತಿರ ಬಂದವಳೇ ಮುಖ ಕಿವುಚಿ, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ, ಮನೆ ಹಾರಿಹೋಗುವಂತೆ ಅತ್ತಳು. ಈ ಕಡೆ ಕೊಟ್ಟರೂ ಬೇಡ, ಆ ಕಡೆ ಕೊಟ್ಟರೂ ಬೇಡ.

ಹಗಲೆಲ್ಲ ಮಗು ನೋಡಿಕೊಳ್ಳುವ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅತ್ತೆಯ ಮೂಗು ಇಡೀ ಕಟ್ಟಡಕ್ಕೆ ಪ್ರಸಿದ್ಧ. ಎರಡು ಮಹಡಿ ಕೆಳಗೆ ಹಾಲು ತಳ ಹಿಡಿದರೂ ಇಲ್ಲಿಂದಲೇ ಕೂಗಿ ಹೇಳುತ್ತಿದ್ದರು.

"ಹಾಲಿನ ರುಚಿ ಕೆಟ್ಟಿರುತ್ತಮ್ಮ. ಮುಟ್ಟು ಬಂತು ಅಂದ್ರೆ ಹಾಲಿನ ಕಾಲ ಮುಗೀತು ಅಂತ ಅರ್ಥ."

"ಹಾಗೇನಿಲ್ಲ ಅತ್ತೆ. ನರ್ಸಿಗೂ ಫೋನ್ ಮಾಡಿ ಕೇಳ್ದೆ. ಧಾರಾಳವಾಗಿ ಕೊಡಿ ಅಂದ್ರು."

"ನರ್ಸ್ ಹೇಳ್ತಾಳೆ, ಮಗು ಕೇಳ್ಬೇಕಲ್ಲ? ಅದೂ ಅಲ್ದೆ ನಿನ್ನ ಮೈಯಿಂದ ಏನೋ ವಾಸನೆ ಬರ್ತಿದೆ."

"ಏನಂದ್ರಿ?"

"ಇದ್ದಿದ್ದು ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದ್ರಂತೆ. ನಾನು ಬಾಯಿ ಮುಚ್ಕೊಂಡಿರ್ತೀನಪ್ಪ."

ಬಾಯಿ ಮುಚ್ಚಿಕೊಂಡಿರಲಿಲ್ಲ. ಗುರುವಾರ ಬೆಳಿಗ್ಗೆಯೂ ಮಗು ಒಲ್ಲೆ ಎಂದಾಗ "ಪುಡಿ ಹಾಲಿನ ಡಬ್ಬ ಒಂದು ತಂದಿಟ್ಬಿಡೋಣ" ಎಂದರು. ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಡಬ್ಬ ಮೇಜಿನ ಮೇಲೆ ಕೂತಿತ್ತು. ಗಂಡ ಅದರ ಪಕ್ಕದಲ್ಲಿ ತಪ್ಪು ಮಾಡಿದವನಂತೆ ಕೂತಿದ್ದ.

"ಅಮ್ಮ ತರೋಕೆ ಹೇಳಿದ್ರು..."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತೀರಲ್ರೀ ನೀವು!"

ಹೊಟ್ಟೆ ಹಿಂಡುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು, ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಅಳುವ ಪುಟ್ಟಿಯನ್ನು ಅತ್ತೆ ಎತ್ತಿಕೊಂಡು, ಅವಳೇ ಮಧ್ಯಾಹ್ನ ಪಂಪು ಮಾಡಿ ತಂದ ಹಾಲನ್ನು ಬಾಟಲಿಯಲ್ಲಿ ಬಾಯಿಗಿಟ್ಟರು. ಪುಟ್ಟಿ ಕಣ್ಣುಮುಚ್ಚಿ ಗಟಗಟ ಕುಡಿಯತೊಡಗಿದಳು.

ಅವಳು ನೋಡುತ್ತ ನಿಂತಳು. ಅಳು ಬರುವುದರಲ್ಲಿತ್ತು. ಆದರೆ ಅಳುವಿಗಿಂತ ಮೊದಲು ಹನ್ನೊಂದು ವರ್ಷ ಕಲೆಗಳ ಮೇಜಿನ ಮುಂದೆ ನಿಂತ ಬುದ್ಧಿ ಎಚ್ಚರವಾಯಿತು.

"ಅತ್ತೆ, ಅದು ಯಾರ ಹಾಲು?"

"ನಿಂದೇ. ಇನ್ಯಾರದು?"

"ಇವತ್ತಿಂದು. ಮುಟ್ಟಿನ ಮೂರನೇ ದಿನದ್ದು. ರುಚಿ ಕೆಟ್ಟಿದ್ರೆ ಅದನ್ನ ಹೇಗೆ ಕುಡೀತಾಳೆ?"

ಅತ್ತೆ ಬಾಟಲಿ ನೋಡಿದರು, ಮೊಮ್ಮಗಳನ್ನು ನೋಡಿದರು, ಸೊಸೆಯ ಮಾತಿಗೆ ಹೌದೆಂದು ತಲೆಯಾಡಿಸಿದರು. ಈ ಮನೆಯಲ್ಲಿ ಹಿಂದೆಂದೂ ಆಗದ ಸಂಗತಿ ಅದು.

ಹಾಗಿದ್ದರೆ ತಪ್ಪು ಹಾಲಿನದಲ್ಲ. ಬಾಟಲಿಗೆ ಇಲ್ಲದ್ದು, ತನಗೆ ಇರುವುದು ಏನು?

"ಅತ್ತೆ, ನಿನ್ನೆ ವಾಸನೆ ಅಂದ್ರಲ್ಲ, ಎಂಥ ವಾಸನೆ? ಸರಿಯಾಗಿ ಹೇಳಿ."

"ನಾನ್ಯಾಕಮ್ಮ ಹೇಳಿ ಕೆಟ್ಟೋಳಾಗ್ಲಿ..."

"ಹೇಳಿ ಅತ್ತೆ!"

ಅತ್ತೆ ಹತ್ತಿರ ಬಂದರು. ಸೊಸೆಯ ಹೆಗಲಿಗೆ ಮೂಗು ತಂದು ಒಮ್ಮೆ ಎಳೆದುಕೊಂಡರು, ಇನ್ನೊಮ್ಮೆ ಎಳೆದುಕೊಂಡು ಸೀನಿದರು. "ದೊಡ್ಡ ಹೋಟೆಲಿನ ಒಳಗೆ ಕಾಲಿಟ್ಟ ತಕ್ಷಣ ಮುಖಕ್ಕೆ ಹೊಡಿಯುತ್ತಲ್ಲ, ಹೂವೂ ಅಲ್ಲ, ಸೋಪೂ ಅಲ್ಲ, ಹಾಗೆ."

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ರೀ. ಬಚ್ಚಲಲ್ಲಿರೋ ನೀಲಿ ಕ್ಯಾನು ಮುಟ್ಟಿದ್ರಾ?"

ಲಾಂಡ್ರಿಯಲ್ಲಿ ಟವೆಲು ಮೆತ್ತಗಾಗಲು, ಘಮಘಮಿಸಲು ಹಾಕುವ ದ್ರಾವಣ ಅದು. ಪರದೆ ಒಗೆಯಲೆಂದು ಒಂದು ಕ್ಯಾನಿನ ತಳದಲ್ಲಿ ಉಳಿದದ್ದನ್ನು ತಂದಿಟ್ಟಿದ್ದಳು.

"ನೀನು ಹೇಳ್ದಂಗೆ ತಣ್ಣೀರಲ್ಲೇ ನೆನೆಹಾಕ್ದೆ!" ಎಂದ ಅವನು ಹೆಮ್ಮೆಯಿಂದ. "ಆಮೇಲೆ ನಿನಗೆ ಹೊಟ್ಟೆನೋವು ಅಂದ್ಯಲ್ಲ, ನಿನ್ನ ಬಟ್ಟೆ ಎಲ್ಲಾ ಮೆತ್ತಗಿರ್ಲಿ ಅಂತ ಅದನ್ನೂ..."

"ಎಷ್ಟು ಹಾಕಿದ್ರಿ?"

"ಜಾಸ್ತಿ ಏನಿಲ್ಲ. ಮೂರು ಮುಚ್ಚಳ."

"ಒಂದು ಮುಚ್ಚಳಕ್ಕೆ ನಲವತ್ತು ಟವೆಲ್ ರೀ! ನಲವತ್ತು! ನನ್ನ ಎದೆ ಪ್ಯಾಡಿಗೂ ಹಾಕಿದ್ರಾ?"

"ಅದಕ್ಕೇ ಮೊದಲು ಹಾಕಿದ್ದು. ಮೆತ್ತಗಿರ್ಬೇಕಲ್ಲ ಅದು."

ತಲೆ ಚಚ್ಚಬೇಕೆನಿಸಿತು. ಯಾರ ತಲೆ ಎಂಬುದೇ ಪ್ರಶ್ನೆ. ಹನ್ನೊಂದು ವರ್ಷದಿಂದ ದಿನವಿಡೀ ಅದೇ ವಾಸನೆಯೊಳಗೆ ಮುಳುಗಿರುವ ಅವಳ ಮೂಗಿಗೆ ಅದು ಗಾಳಿಯಷ್ಟೇ ಮಾಮೂಲು. ಊರಿನ ಕಲೆಯೆಲ್ಲ ಕಂಡುಹಿಡಿಯುವವಳು ತನ್ನ ಮೈಮೇಲಿನ ಹೋಟೆಲನ್ನೇ ಕಂಡಿರಲಿಲ್ಲ!

ಬಚ್ಚಲಿಗೆ ಹೋಗಿ ಬರೀ ನೀರಿನಲ್ಲಿ ಎದೆ, ಕುತ್ತಿಗೆ ತೊಳೆದುಕೊಂಡಳು. ತೊಡಲು ಏನಿದೆ? ಕಪಾಟಿನ ಒಂದೊಂದೇ ಬಟ್ಟೆಯನ್ನು ಅತ್ತೆಗೆ ಹಿಡಿದಳು. ಅತ್ತೆ ಸುಂಕದ ಕಟ್ಟೆಯ ಅಧಿಕಾರಿಯಂತೆ ಮೂಸಿ ಮೂಸಿ "ಬೇಡ", "ಇದೂ ಬೇಡ", "ಅಯ್ಯೋ, ಇದಂತೂ ಬೇಡ್ವೇ ಬೇಡ" ಎಂದು ಎಸೆದರು. ಕೊನೆಗೆ ಪಾಸಾದದ್ದು ಒಗೆಯಲು ಬಿದ್ದಿದ್ದ ಗಂಡನ ಹಳೇ ಬನಿಯನ್. ಲಾಂಡ್ರಿಯ ಕಲೆ ತೆಗೆಯುವವಳು, ಮೇಲೆ ಟೊಮ್ಯಾಟೊ ಕಲೆ ಇದ್ದ ಕೊಳೆ ಬನಿಯನ್ ತೊಟ್ಟು ಮಂಚದ ತುದಿಯಲ್ಲಿ ಕೂತಳು.

ಅತ್ತೆ ಪುಟ್ಟಿಯನ್ನು ತಂದು ಮಡಿಲಿಗಿಟ್ಟರು. ಬಾಟಲಿ ಇನ್ನೂ ಅರ್ಧ ಇತ್ತು. ಪುಟ್ಟಿ ಬನಿಯನ್ನನ್ನು ಒಂದು ಸಲ ಮೂಸಿದಳು, ಅಜ್ಜಿಯ ಮೂಗೇ ಅದು. ಮುಖ ಕಿವುಚಲು ಹೊರಟವಳು ಯಾಕೋ ತಡೆದಳು. ಆಮೇಲೆ, ಎರಡು ದಿನ ಇವರೆಲ್ಲ ಎಲ್ಲಿ ಅಡಗಿಸಿಟ್ಟಿದ್ದರು ಇದನ್ನು ಎನ್ನುವ ಹಾಗೆ ಎರಗಿ ಬಾಯಿ ಹಾಕಿದಳು.

ಗುಟುಕು. ಗುಟುಕು. ಗುಟುಕು.

"ನಾನು ಹೇಳ್ಲಿಲ್ವಾ, ವಾಸನೆ ಅಂತ?" ಎಂದರು ಅತ್ತೆ.

"ಹೇಳಿದ್ರಿ ಅತ್ತೆ. ಹಾಲಿನ ಕಾಲ ಮುಗೀತು ಅಂತಾನೂ ಹೇಳಿದ್ರಿ."

"ಅದನ್ನ ಸುಮ್ನೆ ಮಾತಿಗೆ ಹೇಳಿದ್ದಮ್ಮ," ಎಂದು ಅತ್ತೆ ಪುಡಿ ಹಾಲಿನ ಡಬ್ಬವನ್ನು ಎತ್ತಿ ಕಪಾಟಿನ ಮೇಲ್ತಟ್ಟಿನ ಹಿಂದಕ್ಕೆ ತಳ್ಳಿದರು.

ಗಂಡ ಕೈಕಟ್ಟಿ ನಿಂತಿದ್ದ. "ಹಾಗಾದ್ರೆ ನಾನು ಇನ್ಮೇಲೆ ಒಗೆಯೋದು ಬೇಡ ಅಲ್ವಾ?"

"ಅಷ್ಟು ಸುಲಭಕ್ಕೆ ಬಿಡ್ತೀನಾ? ಈಗಲೇ ಒಗೀರಿ. ಎಲ್ಲಾನೂ. ಬರೀ ನೀರಲ್ಲಿ, ನಾಲ್ಕು ಸಲ. ಅತ್ತೆ ಮೂಸಿ ಹೂಂ ಅನ್ನೋವರೆಗೂ ಬಚ್ಚಲಿಂದ ಆಚೆ ಬರಕೂಡ್ದು."

ಅವನು ಬಟ್ಟೆಯ ರಾಶಿ ಎತ್ತಿಕೊಂಡು ಹೋದ. ನಲ್ಲಿ ತಿರುಗಿಸಿದ ಸದ್ದು ಬಂತು. ಒಂದು ಗಳಿಗೆ ಬಿಟ್ಟು ಅಲ್ಲಿಂದಲೇ ಕೂಗಿದ: "ತಣ್ಣೀರಾ, ಬಿಸಿನೀರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಹೊಸದಾಗಿ ಮೂಡಿದ ಎರಡು ಹಲ್ಲನ್ನು ಕಚಕ್ಕನೆ ಊರಿದಳು.