ಪಟ್ಟಿ ಇಲ್ಲದ ತೋಳು

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋಗಿ ಫಕ್ರುದ್ದೀನ್ ಕಂಡಕ್ಟರನಿಂದ ಬೈಸಿಕೊಂಡರು.

"ವಯಸ್ಸಾದೋರು, ಒಸಿ ತಡೀರಿ ಸಾಬ್ರೆ. ಹೊಂಗನೂರು ಎಲ್ಲೂ ಓಡೋಗಲ್ಲ."

ಹೂವಿನ ಹಾರದ ಪೊಟ್ಟಣವನ್ನು ಎದೆಗೊತ್ತಿಕೊಂಡು, ಮೊಣಕಾಲಿನ ನೋವಿಗೆ ಹಲ್ಲು ಕಚ್ಚಿ, ಅವರು ಹಿಪ್ಪುನೇರಳೆ ತೋಟದ ಪಕ್ಕದ ದಾರಿ ಹಿಡಿದರು. ಮನೆ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷವೂ ಗಂಗಹನುಮಯ್ಯನವರು ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲೋ ಟೀ ಅಂಗಡಿಯಲ್ಲೋ ಸಿಗುತ್ತಿದ್ದರೇ ಹೊರತು ಒಂದು ದಿನವೂ ಮನೆಗೆ ಕರೆದವರಲ್ಲ. ಇವತ್ತು ತಮಟೆಯ ಸದ್ದೇ ದಾರಿ ತೋರಿಸಿತು.

ಅಂಗಳದಲ್ಲಿ ಶಾಮಿಯಾನದ ಕೆಳಗೆ ಗಂಗಹನುಮಯ್ಯನವರನ್ನು ಚಟ್ಟದ ಮೇಲೆ ಕೂರಿಸಿದ್ದರು. ಫಕ್ರುದ್ದೀನ್ ಹಾರ ಹಾಕಿ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಗಟ್ಟಿಮುಟ್ಟಾದ ಯುವಕನೊಬ್ಬ ಕುರ್ಚಿ ತಂದು ಹಾಕಿದ.

"ನಾನು ಚಲುವಯ್ಯ. ಇವ್ರು ನಮ್ ದೊಡ್ಡಪ್ಪ. ತಾವು ಮಿಲಿಟ್ರೀಲಿ ಇದ್ರಾ?"

"ಅವರ ಕೈಕೆಳಗೇ ಇದ್ದೆ ಕಣಪ್ಪ."

"ನಾನೂ ಈಗ ಅಲ್ಲೇ ಇವ್ನಿ. ಹೋದ ತಿಂಗಳು ನಾಯಕ್ ಆದೆ. ಹತ್ತು ಜನಕ್ಕೆ ನಾನೇ ಮೇಲಿನೋನು."

ಆಚೆ ಕಲ್ಲುಚಪ್ಪಡಿಯ ಮೇಲೆ ಚಲುವಯ್ಯನ ತಂದೆ ಗಂಗಯ್ಯ, ಸತ್ತವರ ತಮ್ಮ, ಬಂದವರ ಜೊತೆ ಮಾತಾಡುತ್ತಿದ್ದರು.

"ನಮ್ಮಣ್ಣ ಕೆಟ್ಟೋನು ಅಂತ ನಾನು ಅನ್ನಲ್ಲ ಕಣ್ರಪ್ಪ. ಹಾರೋಹಳ್ಳಿ ಫ್ಯಾಕ್ಟ್ರೀಲಿ ಗಾರ್ಡ್ ಕೆಲ್ಸ ಮಾಡ್ಕಂಡು, ರೇಷ್ಮೆ ಹುಳ ಸಾಕ್ಕಂಡು ನಿಯತ್ತಾಗೇ ಬದುಕ್ದ. ಆದ್ರೆ ಮಿಲಿಟ್ರೀಲಿ ಕುಡ್ದು ಅದೇನೋ ಎಡವಟ್ಟು ಮಾಡ್ಕಂಡು ತೋಳಿನ್ ಪಟ್ಟಿ ಕಿತ್ತಿಸ್ಕಂಬುಟ್ಟ. ಇಲ್ದಿದ್ರೆ ಸುಬೇದಾರ್ ಆಗಿ ಬರೋನು. ಊರಲ್ಲಿ ನಾನು ತಲೆ ಎತ್ಕಂಡು ಹೇಳ್ಕತಿದ್ದೆ."

ಗಂಗಯ್ಯನ ದನಿಯಲ್ಲಿ ದ್ವೇಷವಿರಲಿಲ್ಲ. ಬಹಳ ಸಲ ಹೇಳಿ ಸವೆದ ಮಾತದು. ಫಕ್ರುದ್ದೀನ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು.

*

ರಾಜಸ್ಥಾನದ ಮರಳಿನಲ್ಲಿ ಆಗ ಅವರ ಕ್ಯಾಂಪು. ಗಂಗಹನುಮಯ್ಯ ಹೊಸದಾಗಿ ನಾಯಕ್ ಆಗಿದ್ದ. ತೋಳಿನ ಎರಡು ಪಟ್ಟಿಗೆ ತಕ್ಕ ಗಂಟಲು ಬೇಕೆಂದು ತಿಳಿದು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದ. ಫಕ್ರುದ್ದೀನ್ ತನ್ನದೇ ತಾಲ್ಲೂಕಿನವನು ಎಂದು ಮೊದಲ ದಿನವೇ ಅವನಿಗೆ ತಿಳಿದಿತ್ತು. ಆದರೂ ಊರಿನವನೆಂದು ಪಕ್ಷಪಾತ ಮಾಡುತ್ತಾನೆ ಅಂದಾರೆಂದು ಅವನೊಡನೆ ಹಿಂದಿಯಲ್ಲಿ ಮಾತ್ರ ಮಾತಾಡುತ್ತಿದ್ದ.

ಆ ಬೇಸಿಗೆಯಲ್ಲಿ ರಜೆ ಮುಗಿಸಿ ಬಂದ ಒಬ್ಬ ಸಿಪಾಯಿ ಫಕ್ರುದ್ದೀನನಿಗೆ ಸುದ್ದಿ ತಂದ. ಹೆಂಡತಿ ಜೈನಬ್ ಹೆಣ್ಣು ಹೆತ್ತಿದ್ದಾಳೆ, ರಕ್ತ ನಿಲ್ಲುತ್ತಿಲ್ಲ, ಆಸ್ಪತ್ರೆಯಲ್ಲಿದ್ದಾಳೆ. ಫಕ್ರುದ್ದೀನ್ ರಜೆ ಕೇಳಿದ. ದೊಡ್ಡ ಕವಾಯತು ಹತ್ತಿರವಿದ್ದುದರಿಂದ ಯಾರಿಗೂ ರಜೆಯಿಲ್ಲ ಎಂದರು. ಅವನು ಮಾತು ನಿಲ್ಲಿಸಿದ. ಊಟ ಬಿಟ್ಟ. ಒರೆಸದ ಬಂದೂಕಿಗೆ ಮರಳು ಮೆತ್ತಿತು. ಗಂಗಹನುಮಯ್ಯ ಯಾಕೆಂದು ಕೇಳಲಿಲ್ಲ. ಎಲ್ಲರೆದುರು ಬೈದು, ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿಸಿ ಬಿಸಿಲಿನಲ್ಲಿ ನಿಲ್ಲಿಸಿದ.

ಮಾರನೆಯ ಮಧ್ಯಾಹ್ನ ಪಹರೆ ಮುಗಿಸಿದ ಫಕ್ರುದ್ದೀನ್ ಡೇರೆಗೆ ಬರಲಿಲ್ಲ. ಹುಡುಕುತ್ತ ಹೋದ ಗಂಗಹನುಮಯ್ಯನಿಗೆ ಅವನು ಸಿಕ್ಕಿದ್ದು ನೀರಿನ ತೊಟ್ಟಿಯ ಹಿಂದೆ. ನೆಲದಲ್ಲಿ ಕೂತಿದ್ದ. ಗುಂಡು ತುಂಬಿದ ಬಂದೂಕಿನ ನಳಿಗೆ ಗದ್ದದ ಕೆಳಗಿತ್ತು.

ಗಂಗಹನುಮಯ್ಯ ಕೂಗಲಿಲ್ಲ. ನಿಧಾನಕ್ಕೆ ಹೋಗಿ, ಒಂದು ಮಾರು ದೂರದಲ್ಲಿ ತಾನೂ ಮರಳಿನ ಮೇಲೆ ಕೂತ.

"ನಿಮ್ಮನೆ ಚನ್ನಪಟ್ಣದಾಗೆ ಯಾವ ಕಡೆ ಬತ್ತದೆ?"

ಕನ್ನಡ ಕಿವಿಗೆ ಬಿದ್ದದ್ದಕ್ಕೆ ಫಕ್ರುದ್ದೀನ್ ತಿರುಗಿ ನೋಡಿದ.

"ಕೋಟೆ ತಾವ."

"ನಮ್ದು ಹೊಂಗನೂರು ಕಣಪ್ಪ." ಗಂಗಹನುಮಯ್ಯ ಟೋಪಿ ತೆಗೆದು ಮರಳಿನ ಮೇಲಿಟ್ಟ. "ನಿನ್ನೆ ನಿನ್ನ ಬಿಸಿಲಲ್ಲಿ ನಿಲ್ಲಿಸ್ದೆ. ಏನಾಗೈತೆ ಅಂತ ಕೇಳ್ಲಿಲ್ಲ. ತಪ್ಪಾಯ್ತು. ಈಗ ಕೇಳ್ತಾ ಇವ್ನಿ. ಹೇಳು."

ಬಂದೂಕು ಕೊಡು ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಜೈನಬ್ ಎಂಥವಳು, ಮದುವೆ ಎಲ್ಲಾಯಿತು, ಮಗುವಿಗೆ ಏನು ಹೆಸರಿಡಬೇಕೆಂದಿದ್ದೀಯ ಎಂದು ಕೇಳಿದ. ಮಜೀದಾ ಎಂದ ಫಕ್ರುದ್ದೀನ್. ಬಂದೂಕನ್ನು ತಾನೇ ಪಕ್ಕಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ಮರುದಿನ ಬೆಳಿಗ್ಗೆ ಗಂಗಹನುಮಯ್ಯ ಬಂದು, "ರಜ ಸಿಕ್ಕೈತೆ. ರೇಷನ್ ಲಾರಿ ಹೊಂಟೈತೆ, ಹತ್ತು," ಎಂದ.

ಮಗುವಿಗೆ ಹೆಸರಿಟ್ಟು ಹಿಂತಿರುಗಿದ ಫಕ್ರುದ್ದೀನನಿಗೆ ಮೊದಲು ಕಂಡದ್ದು ಗಂಗಹನುಮಯ್ಯನ ತೋಳು. ಪಟ್ಟಿ ಹೊಲಿದಿದ್ದ ಜಾಗದಲ್ಲಿ ದಾರದ ತುದಿಗಳು ಎದ್ದು ನಿಂತಿದ್ದವು. ರಜೆಯನ್ನು ಯಾರೂ ಕೊಟ್ಟಿರಲಿಲ್ಲ. ಫಕ್ರುದ್ದೀನನನ್ನು ನಾನೇ ಕಳಿಸಿದೆ ಎಂದಷ್ಟೇ ಗಂಗಹನುಮಯ್ಯ ಮೇಲಿನವರಿಗೆ ಹೇಳಿದ್ದ. ಯಾಕೆಂದು ಕೇಳಿದರೆ ಬಾಯಿ ಬಿಟ್ಟಿರಲಿಲ್ಲ.

"ಸಾಹೇಬ್ರಿಗೆ ನಾನೇ ಹೇಳ್ತೀನಿ," ಎಂದ ಫಕ್ರುದ್ದೀನ್.

"ಏನಂತ ಹೇಳೀಯ? ಬಂದೂಕ ಗದ್ದಕ್ಕೆ ಇಟ್ಕಂಡಿದ್ದೆ ಅಂತಲಾ? ತಲೆ ಸರಿ ಇಲ್ಲ ಅಂತ ಮನೆಗೆ ಕಳಿಸ್ತಾರೆ. ಆ ಕೂಸನ್ನ ಹೆಂಗೆ ಸಾಕ್ತೀಯ? ಯಾರ್ ತಾವಲೂ ಹೇಳ್ಕೂಡ್ದು."

*

ಫಕ್ರುದ್ದೀನ್ ಎದ್ದು, ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದ, ಗಂಗಹನುಮಯ್ಯನವರ ಹೆಂಡತಿ ಚಿನ್ನಮ್ಮನವರ ಬಳಿ ಹೋದರು.

"ಅಕ್ಕಾ, ನಾನು ಫಕ್ರುದ್ದೀನ್ ಅಂತ. ನಾಯಕ್ ಸಾಬ್ರು ಪಟ್ಟಿ ಕಳ್ಕೊಂಡಿದ್ದು ಕುಡಿದು ಅಲ್ಲ..."

"ಗೊತ್ತು," ಎಂದರು ಚಿನ್ನಮ್ಮ.

ಫಕ್ರುದ್ದೀನ್ ಗೋಡೆಗೆ ಕೈಯೂರಿ ನಿಂತರು.

"ಪಟ್ಟಿ ಹೋದ್ಮೇಲೆ ಬಂದ ಮೊದಲ್ನೇ ರಜದಲ್ಲೇ ಹೇಳಿದ್ರು. ಚನ್ನಪಟ್ಣ ಕೂಗಳತೇಲಿ ಐತೆ, ಮಾತು ಅಲ್ಲಿಗೆ ಹೋದ್ರೆ ಆ ಹುಡುಗುನ್ನ ಹುಚ್ಚ ಅಂತಾರೆ, ಅವನ ಮಗೀಗೆ ನಾಳೆ ಗಂಡು ಸಿಕ್ಕಲ್ಲ ಅಂದ್ರು. ಕುಡ್ದು ಕಳ್ಕಂಡ ಅಂತ ಊರೋರು ಅಂದ್ಕಂಡ್ರೂ ನಾನೂ ಸುಮ್ಕಾದೆ. ಒಂದ್ಸಲ ಸಂತೇಲಿ ದೂರದಿಂದ ನಿಮ್ಮ ಮಗಳನ್ನ ತೋರ್ಸಿ, ನೋಡು, ಎಷ್ಟುದ್ದ ಬೆಳ್ದವ್ಳೆ ಅಂದ್ರು."

"ಮಜೀದಾ ಈಗ ಮೇಡಮ್ಮು ಅಕ್ಕ, ಸ್ಕೂಲಲ್ಲಿ. ಅವಳಿಗೂ ಮಕ್ಕಳಾದ್ವು. ಇನ್ನು ನನ್ನ ಯಾರು ಏನಂದ್ರೇನು? ಎಲ್ಲರ ಮುಂದೆ ಹೇಳ್ಬುಡ್ಲಾ?"

ಚಿನ್ನಮ್ಮ ಶಾಮಿಯಾನದ ಕಡೆ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಹೇಳಿ. ಇನ್ನೇನು ಬೈಯಕ್ಕೆ ಬರಲ್ಲ ಅವ್ರು."

ಫಕ್ರುದ್ದೀನ್ ಕಲ್ಲುಚಪ್ಪಡಿಯ ಹತ್ತಿರ ಹೋಗಿ ನಿಂತು ಹೇಳಿದರು. ತಮಟೆಯವರು ಬೀಡಿ ಹಚ್ಚಲು ನಿಲ್ಲಿಸಿದ್ದರಿಂದ ಎಲ್ಲರಿಗೂ ಕೇಳಿಸಿತು. ಬಂದೂಕಿನ ಮಾತನ್ನೂ ಅವರು ಮುಚ್ಚಿಡಲಿಲ್ಲ. ಗಂಗಯ್ಯ ನೆಲ ನೋಡುತ್ತ ಕೂತಿದ್ದರು. ಹೆಗಲ ಮೇಲಿನ ಟವೆಲ್ ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ.

"ನನ್ ತಾವ ಯಾಕೆ ಹೇಳ್ಲಿಲ್ಲ ಅವ್ನು?" ಎಂದರು ಕೊನೆಗೆ. "ನಾನು ಒಡಹುಟ್ದೋನಲ್ವಾ?"



ಚಲುವಯ್ಯ ಫಕ್ರುದ್ದೀನರನ್ನು ಬೇಲಿಯ ಕಡೆಗೆ ಕರೆದುಕೊಂಡು ಹೋದ. "ಸಾಬ್ರೆ, ನನ್ ಸೆಕ್ಷನ್‌ನಲ್ಲೂ ಒಬ್ಬ ಅವ್ನೆ. ಒಡಿಶಾ ಕಡೆ ಹುಡ್ಗ. ತಿಂಗಳಾಯ್ತು, ಯಾರ ಜೊತೇಲೂ ಮಾತಿಲ್ಲ. ನಾನು ದಿನಾ ಬೈತೀನಿ. ದೊಡ್ಡಪ್ಪನ್ನ ಕೇಳಾನ ಅನ್ಕಂಡಿದ್ದೆ. ಪಟ್ಟಿ ಕಳ್ಕಂಡೋರನ್ನ ಏನು ಕೇಳೋದು ಅಂತ ಬುಟ್ಬುಟ್ಟೆ."

"ಅವನ ಊರು ಯಾವ್ದು?"

ಚಲುವಯ್ಯ ಯೋಚಿಸಿದ. "ಗೊತ್ತಿಲ್ಲ."

"ಮನೇಲಿ ಯಾರ್ಯಾರು ಅವ್ರೆ?"

"ಅದೂ ಗೊತ್ತಿಲ್ಲ."

"ಅಲ್ಲಿಂದ ಶುರು ಮಾಡಪ್ಪ. ಅವನು ನಿಂತಿದ್ರೆ ಕೂರುಸ್ಕೊ, ನೀನೂ ಕೂತ್ಕೊ. ಮೊದಲ್ನೇ ದಿನ ಬಾಯಿ ಬಿಡಲ್ಲ. ಬೇಜಾರು ಮಾಡ್ಕಬೇಡ. ಮಾರನೇ ದಿನಾನೂ ಹೋಗು." ಫಕ್ರುದ್ದೀನ್ ಬೇಲಿ ಹಿಡಿದು ನಿಂತರು. "ಪಟ್ಟಿ ಹೋದ್ಮೇಲೂ ನಾಯಕ್ ಸಾಬ್ರು ಹಂಗೇ ಮಾಡ್ತಿದ್ರು. ಅವರ ಜಾಗಕ್ಕೆ ಬಂದ ಹೊಸ ನಾಯಕ್ಕೇ ಯಾವ ಹುಡುಗನಿಗೆ ಏನು ತೊಂದ್ರೆ ಅಂತ ಇವರ ಹತ್ರ ಬಂದು ಕೇಳೋನು."

ಹೆಣ ಎತ್ತುವ ಹೊತ್ತಾಯಿತೆಂದು ಯಾರೋ ಕರೆದರು. ಚಲುವಯ್ಯ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ.

*

ತೋಟದ ಅಂಚಿನಲ್ಲಿ ಗುಂಡಿ ತೋಡಿದ್ದರು. ಗಂಗಹನುಮಯ್ಯನವರನ್ನು ಇಳಿಸಿ, ಮನೆಯವರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಫಕ್ರುದ್ದೀನ್ ಜನರ ಹಿಂದೆ, ದೂರದಲ್ಲಿ ನಿಂತಿದ್ದರು. ಗಂಗಯ್ಯ ಅವರನ್ನು ಹುಡುಕಿಕೊಂಡು ಬಂದರು.

"ಆವತ್ತು ಮನೆಗೋದ್ರಲ್ಲ ಸಾಬ್ರೆ, ನಿಮ್ಮ ಮನೆಯೋರು..."

"ಉಳೀಲಿಲ್ಲ. ನಾನು ಹೋದ ದಿನಾನೇ ಜೀವ ಹೋಯ್ತು. ನನ್ನ ನೋಡಿ ಗುರುತು ಹಿಡಿದ್ಲು, ಮಗೂನ ನನ್ನ ಕೈಗೆ ಕೊಡಿ ಅಂದ್ಲು. ಮಣ್ಣು ಕೊಡಕ್ಕೆ ನಾನು ಇದ್ದೆ." ಫಕ್ರುದ್ದೀನ್ ಗುಂಡಿಯ ಕಡೆ ನೋಡಿದರು. "ನಾಯಕ್ ಸಾಬ್ರಿಗೂ ಒಂದು ಹಿಡಿ ಹಾಕ್ಬೋದಾ ಅಂತ ಕೇಳಾನ ಅಂದ್ರೆ... ನಿಮ್ಮ ಪದ್ಧತಿ ಹೆಂಗೋ ಏನೋ."

ಗಂಗಯ್ಯ ಅವರ ಕೈ ಹಿಡಿದು ಜನರನ್ನು ಸರಿಸುತ್ತ ಮುಂದಕ್ಕೆ ಕರೆತಂದರು. ಗುಂಡಿಯ ಅಂಚಿನಲ್ಲಿ ಫಕ್ರುದ್ದೀನ್ ಬಗ್ಗಲು ನೋಡಿದರು. ಮೊಣಕಾಲು ಮಡಚಲಿಲ್ಲ. ಚಲುವಯ್ಯ ಗುದ್ದಲಿಯಲ್ಲಿ ಮಣ್ಣು ಎತ್ತಿ ಕೊಡಲು ಬಂದ. ಗಂಗಯ್ಯ ಕೈ ಅಡ್ಡ ಹಿಡಿದು ಅವನನ್ನು ತಡೆದರು. ತಾವೇ ಹಸಿಮಣ್ಣಿನ ಮೇಲೆ ಮೊಣಕಾಲೂರಿ, ಎರಡೂ ಕೈ ತುಂಬ ಮಣ್ಣು ಬಾಚಿ, ಅದರಲ್ಲಿದ್ದ ಸಣ್ಣ ಕಲ್ಲುಗಳನ್ನು ಬೆರಳಿನಿಂದ ಆರಿಸಿ ಹಾಕಿ, ಫಕ್ರುದ್ದೀನರ ಬೊಗಸೆಗೆ ಸುರಿದರು.