ಬೊಳ್ಳಿಯ ವ್ರತ

ಪುತ್ತಿಗೆಯ ಅನಾಥ ಪ್ರಾಣಿಗಳ ಅಭಯಧಾಮದ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಎಡಗಡೆ ಅಧ್ಯಕ್ಷ ಚಂದ್ರರಾಜನ ಮುಖವಿತ್ತು, ಬಲಗಡೆ ಕಾರ್ಯದರ್ಶಿ ರಂಜಿತನದ್ದು. ಇಬ್ಬರು ಮಹನೀಯರ ಮೀಸೆ ಮುಗಿದ ಮೇಲೆ ಉಳಿದ ಚೂರು ಜಾಗದಲ್ಲಿ ಒಂದು ಬಿಳಿ ಬೆಕ್ಕು ಕೂತಿತ್ತು. ಅದರ ಕೆಳಗೆ ‘ನಮ್ಮಲ್ಲಿ ಬೆಕ್ಕು ಕೂಡ ಅಹಿಂಸಾವ್ರತಿ’ ಎಂದು ಬರೆದಿತ್ತು.

ಬೆಕ್ಕಿನ ಹೆಸರು ಬೊಳ್ಳಿ. ಸಿದ್ಧಕಟ್ಟೆಯ ಸಂತೆಯಲ್ಲಿ ಯಾರೋ ಗೋಣಿಯಲ್ಲಿ ಕಟ್ಟಿ ಬಿಟ್ಟುಹೋದದ್ದನ್ನು ಚಂದ್ರರಾಜನ ಅಕ್ಕ ಅನಂತಮತಿಯಮ್ಮ ಸೆರಗಿನಲ್ಲಿ ಸುತ್ತಿ ತಂದಿದ್ದರು. ‘‘ಧಾಮ ಇರುವುದೇ ಇದಕ್ಕಲ್ವಾ ಅಕ್ಕ, ಅಲ್ಲಿ ರಾಣಿಯ ಹಾಗೆ ಇರ್ತದೆ’’ ಎಂದು ತಮ್ಮ ಕೇಳಿ ತೆಗೆದುಕೊಂಡು ಹೋದ. ಧಾಮದ ಜಾಗವೂ ಹಾಗೆ ಕೇಳಿ ತೆಗೆದುಕೊಂಡದ್ದೇ. ತುಳುನಾಡಿನ ಜೈನರಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಹಳೆಯ ಪದ್ಧತಿ. ತಾಯಿಯಿಂದ ಬಂದ ಆ ಗುಡ್ಡೆಯ ಜಾಗ ಅನಂತಮತಿಯಮ್ಮನ ಹೆಸರಿನಲ್ಲೇ ಇತ್ತು. ಊರಿಗೆಲ್ಲ ಅದು ಗೊತ್ತಿತ್ತು, ಫ್ಲೆಕ್ಸಿಗೆ ಮಾತ್ರ ಗೊತ್ತಿರಲಿಲ್ಲ.

ಅನಂತಮತಿಯಮ್ಮ ವ್ರತಸ್ಥೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಚತುರ್ದಶಿಗೆ ಉಪವಾಸ, ಮಣ್ಣಿನಡಿ ಬೆಳೆದ ಗೆಡ್ಡೆ ಮುಟ್ಟಿದವರಲ್ಲ. ಇದನ್ನು ಯಾರಿಗೂ ಬೋಧಿಸಿದವರೂ ಅಲ್ಲ. ಚಂದ್ರರಾಜನಾದರೋ ಮಂಗಳೂರಿಗೆ ಹೋದರೆ ರಾತ್ರಿ ಈರುಳ್ಳಿ ದೋಸೆ ತಿಂದು ಬಾಯಿ ಒರೆಸಿಕೊಂಡು ಬರುವ ಗಿರಾಕಿ. ಆದರೆ ವ್ರತಕ್ಕಿರುವ ಗೌರವ ಅವನಿಗೆ ಬೇಕಿತ್ತು. ತಾನು ಹೊರಲಾಗದ ಅಕ್ಕನ ವ್ರತವನ್ನು ಎತ್ತಿ ಮೂಕಪ್ರಾಣಿಗಳ ತಲೆಯ ಮೇಲಿಟ್ಟ. ಧಾಮದಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಕೊನೆಯ ಊಟ. ನಾಯಿಗೆ ಮೊಸರನ್ನ, ಬೆಕ್ಕಿಗೂ ಮೊಸರನ್ನ. ಚತುರ್ದಶಿಗೆ ಎಲ್ಲರಿಗೂ ಬರೀ ನೀರು. ಮುಂಬಯಿಯಿಂದ ಬಂದ ದಾನಿಗಳು ಬೊಳ್ಳಿ ಮೊಸರನ್ನ ನೆಕ್ಕುವುದನ್ನು ಮೊಬೈಲಿನಲ್ಲಿ ಹಿಡಿದು ಕಣ್ಣೊರೆಸಿಕೊಂಡರು. ಹೊಟ್ಟೆ ಹಸಿದರೆ ಬೆಕ್ಕು ಗೋಡೆಯ ಸುಣ್ಣವನ್ನೂ ನೆಕ್ಕೀತು ಎಂದು ಆ ಪುಣ್ಯಾತ್ಮರಿಗೆ ಹೇಳುವವರಿರಲಿಲ್ಲ.

ಒಂದು ಬೆಳಿಗ್ಗೆ ಅನಂತಮತಿಯಮ್ಮ ಬೆಕ್ಕಿನ ಕೋಣೆಯ ಬಾಗಿಲಲ್ಲಿ ನಿಂತು ಕರೆದರು. ಬೊಳ್ಳಿ ಓಡಿ ಬಂತು. ಬಂದದ್ದೇ ನೀರಿನ ಬಟ್ಟಲಿಗೆ ಮುಗ್ಗರಿಸಿ ಬಿತ್ತು. ಎದ್ದು, ಅವರಿಲ್ಲದ ಕಡೆಗೆ ಮುಖ ಮಾಡಿ ಮಿಯಾಂವ್ ಅಂದಿತು.

ಬಂಟ್ವಾಳದಿಂದ ವಾರಕ್ಕೊಮ್ಮೆ ಬರುವ ಪಶುವೈದ್ಯೆ, ಬ್ಯಾರಿ ಮುಸ್ಲಿಮರ ಹುಡುಗಿ ಸಜ್ನಾ ಬೊಳ್ಳಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದಳು.

‘‘ಎಡಗಣ್ಣು ಹೋಗಿದೆ ಅಮ್ಮ. ಬಲಗಣ್ಣಿನಲ್ಲಿ ಸ್ವಲ್ಪ ಉಂಟು. ಬೆಕ್ಕಿಗೆ ಮೀನೋ ಮಾಂಸವೋ ಬೇಕೇ ಬೇಕು. ಇಲ್ಲದಿದ್ರೆ ಹೀಗೇ ಆಗುವುದು. ಕಮಿಟಿಗೆ ಎಷ್ಟು ಸಲ ಹೇಳಿದೆ.’’

‘‘ಏನಂದರು?’’

‘‘ನೀವು ಬ್ಯಾರಿಗಳು, ನಿಮಗೆ ಮೀನು ಬಿಟ್ಟು ಬೇರೆ ಮದ್ದು ಗೊತ್ತಿಲ್ಲ ಅಂತ ನಗಾಡಿದ್ರು.’’

ಅನಂತಮತಿಯಮ್ಮನಿಗೆ ನಾಚಿಕೆಯಿಂದ ತಲೆ ತಗ್ಗಿತು. ‘‘ಈಗ ಮೀನು ಕೊಟ್ಟರೆ?’’

‘‘ಹೋದದ್ದು ಬರುವುದಿಲ್ಲ. ಉಳಿದದ್ದು ಉಳೀಬಹುದು. ಆದರೆ ತಡ ಮಾಡ್ಲಿಕ್ಕಿಲ್ಲ ಅಮ್ಮ.’’

ಆ ದಿನಗಳಲ್ಲಿ ಧಾಮದಲ್ಲಿ ಮಹಾಯುದ್ಧ ನಡೆದಿತ್ತು. ಗೇಟಿಗೊಂದು ಸ್ವಾಗತದ್ವಾರ ಕಟ್ಟುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ತನ್ನ ಸೋದರಮಾವನ ಹೆಸರಿಡಬೇಕೆಂದು ಚಂದ್ರರಾಜ, ತನ್ನ ತಂದೆಯ ಹೆಸರೆಂದು ರಂಜಿತ. ಇಬ್ಬರೂ ಮಾತು ಬಿಟ್ಟಿದ್ದರು. ಸಜ್ನಾ ಹೇಳಿದ್ದನ್ನು ರಂಜಿತ ಆಯುಧದ ಹಾಗೆ ಎತ್ತಿಕೊಂಡ. ಮೂಡುಬಿದಿರೆಯಲ್ಲಿ ಪತ್ರಿಕಾಗೋಷ್ಠಿ ಕರೆದು ‘‘ಅಧ್ಯಕ್ಷರ ಹಟಕ್ಕೆ ಬೆಕ್ಕುಗಳು ಕುರುಡಾಗುತ್ತಿವೆ’’ ಎಂದು ಗದ್ಗದಿತನಾದ. ಬೆಕ್ಕಿನ ಕೋಣೆಗೆ ಅವನು ಕಾಲಿಟ್ಟದ್ದನ್ನು ಕಂಡವರು ಯಾರೂ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಕೂಸು ಕುರುಡಾಗುತ್ತಿತ್ತು.

ಆದರೂ ಅನಂತಮತಿಯಮ್ಮನಿಗೆ ಒಂದು ಆಸೆ. ರಂಜಿತನ ಬಾಯಿಂದಲಾದರೂ ಬೊಳ್ಳಿಗೆ ನ್ಯಾಯ ಸಿಗಲಿ ಎಂದುಕೊಂಡು ಭಾನುವಾರ ಮಹಾಸಭೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತರು. ಸಭೆ ಶುರುವಾಗುವಷ್ಟರಲ್ಲಿ ಯುದ್ಧ ಮುಗಿದಿತ್ತು. ದ್ವಾರಕ್ಕೆ ಎರಡು ಕಂಬ ಇರುತ್ತದೆ ಎಂಬುದು ಯಾರಿಗೋ ಹೊಳೆದಿತ್ತು. ಒಂದು ಕಂಬಕ್ಕೆ ಮಾವನ ಹೆಸರು, ಇನ್ನೊಂದಕ್ಕೆ ತಂದೆಯದ್ದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಧ್ಯಕ್ಷರು ಕಾರ್ಯದರ್ಶಿಗಳಿಗೆ ಶಾಲು ಹೊದೆಸಿದರು, ಕಾರ್ಯದರ್ಶಿಗಳು ಅಧ್ಯಕ್ಷರಿಗೆ ಹೊದೆಸಿದರು.

‘‘ಮತ್ತೆ ಬೆಕ್ಕಿನ ವಿಷಯ?’’ ಅನಂತಮತಿಯಮ್ಮ ಎದ್ದು ಕೇಳಿದರು.

‘‘ಅದಕ್ಕೊಂದು ಉಪಸಮಿತಿ ಮಾಡುವ ಅಮ್ಮ,’’ ಅಂದ ರಂಜಿತ, ಶಾಲು ಸರಿಪಡಿಸಿಕೊಳ್ಳುತ್ತ. ಮೊನ್ನೆ ಗದ್ಗದಿತವಾದ ಗಂಟಲು ಈಗ ಪೂರ್ತಿ ಗುಣವಾಗಿತ್ತು.

‘‘ಉಪಸಮಿತಿ ಕೂರುವಷ್ಟರಲ್ಲಿ ಬೊಳ್ಳಿಯ ಇನ್ನೊಂದು ಕಣ್ಣೂ ಹೋಗ್ತದೆ. ಇವತ್ತಿಂದಲೇ ಮೀನು ಹಾಕಿ.’’

ಚಂದ್ರರಾಜ ಮೈಕಿನ ಮುಂದೆ ಕೈಮುಗಿದು ನಿಂತ. ‘‘ಅಕ್ಕ, ನೀವೇ ಹೀಗೆ ಹೇಳಿದ್ರೆ ಹೇಗೆ? ನಿಮ್ಮ ವ್ರತ ನೋಡಿಯೇ ನಾವು ಈ ನಿಯಮ ಮಾಡಿದ್ದು!’’

ಚಪ್ಪಾಳೆ ಬಿತ್ತು. ಅಷ್ಟು ವರ್ಷದ ತನ್ನ ಉಪವಾಸವೆಲ್ಲ ಆ ಚಪ್ಪಾಳೆಯಲ್ಲಿ ಹೊಲಸಾದಂತೆ ಅನಂತಮತಿಯಮ್ಮನಿಗೆ ಅನಿಸಿತು. ಅವರಿಗೆ ಸಿಟ್ಟು ಬಂತು, ಬಹಳ ಕಾಲದ ಮೇಲೆ ಬಂದ ಸಿಟ್ಟು.

‘‘ನನ್ನ ವ್ರತ ನಾನು ಬಸದಿಯಲ್ಲಿ ನಿಂತು, ಬುದ್ಧಿ ನೆಟ್ಟಗಿದ್ದು ತೆಗೆದುಕೊಂಡದ್ದು. ಬೊಳ್ಳಿ ಯಾವ ಬಸದಿಯಲ್ಲಿ ತೆಗೆದುಕೊಂಡಿದೆ? ಉಪವಾಸ ಮಾಡಿದವರಿಗೆ ಪುಣ್ಯ ಚಂದ್ರ, ಇನ್ನೊಬ್ಬರನ್ನು ಉಪವಾಸ ಕೆಡವಿದವರಿಗೆ ಅಲ್ಲ.’’

ಅದಕ್ಕೂ ಚಪ್ಪಾಳೆ ಬಿತ್ತು. ತಲೆಗೆ ಹೋಗದ ಮಾತಿಗೆ ಕೈ ತಟ್ಟುವುದು ನಮ್ಮ ಸಭೆಗಳ ಹಳೆಯ ಅಭ್ಯಾಸ. ಆಮೇಲೆ ದ್ವಾರಕ್ಕೆ ಬಳಿಯುವ ಬಣ್ಣದ ಚರ್ಚೆ ಶುರುವಾಯಿತು.

ಮರುದಿನ ಬೆಳಿಗ್ಗೆ ಮೀನು ಮಾರುವ ಮುನವ್ವರ್ ತನ್ನ ಗೂಡ್ಸ್ ರಿಕ್ಷಾ ತುಂಬಿಕೊಂಡು ಬಂದ. ದಾರಿಯುದ್ದಕ್ಕೂ ಪೋಂ ಪೋಂ ಎಂದು ಹಾರ್ನ್ ಒತ್ತಿಕೊಂಡು ಬರುವವನು ಅನಂತಮತಿಯಮ್ಮನ ಮನೆ ಬಂದಾಗ ಮಾತ್ರ ಸದ್ದಿಲ್ಲದೆ ದಾಟುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ, ಅವನ ತಂದೆಯೂ ಸೈಕಲ್ಲಿನಲ್ಲಿ ಹಾಗೇ ದಾಟುತ್ತಿದ್ದವರು. ಆ ದಿನ ಅಮ್ಮ ರಸ್ತೆಯ ನಡುವೆ ನಿಂತಿದ್ದರು.

‘‘ನಾನು ಹಾರ್ನ್ ಹಾಕ್ಲಿಲ್ಲ ಅಮ್ಮ!’’ ಅಂದ ಮುನವ್ವರ್ ಗಾಬರಿಯಿಂದ.

‘‘ಹಾಕಬೇಕಿತ್ತು. ಬೂತಾಯಿ ಮೀನು ಉಂಟಾ?’’

ಬೇರೆ ಯಾರನ್ನೋ ಕೇಳಿದರೆಂದು ಮುನವ್ವರ್ ಹಿಂದೆ ತಿರುಗಿ ನೋಡಿದ. ‘‘ಉಂಟು. ಯಾರಿಗೆ ಅಮ್ಮ?’’

‘‘ಅಹಿಂಸಾವ್ರತಿಗಳಿಗೆ.’’

ಬೂತಾಯಿಯನ್ನು ಮನೆಯ ಹಿತ್ತಿಲಿನಲ್ಲಿಳಿಸಿ, ಅವನ ಪಕ್ಕದಲ್ಲೇ ಕೂತು ಧಾಮಕ್ಕೆ ಹೋದರು. ತಡೆಯಲು ಬಂದ ವಾಚ್‌ಮನ್‌ಗೆ ‘‘ಜಾಗದವರು ಬಂದಿದ್ದಾರೆ ಅಂತ ನಿನ್ನ ಅಧ್ಯಕ್ಷರಿಗೆ ಫೋನು ಮಾಡು’’ ಅಂದರು. ಕೋಣೆಯ ಬೆಕ್ಕುಗಳನ್ನೆಲ್ಲ ಮೀನಿನ ಖಾಲಿ ಪೆಟ್ಟಿಗೆಗಳಿಗೆ ತುಂಬಿಸಿದರು. ದ್ವಾರಕ್ಕೆ ಗುಂಡಿ ತೋಡುತ್ತಿದ್ದ ಕೆಲಸದವರು ಹಾರೆ ಬಿಟ್ಟು ನೋಡಿದರು. ಮುಂಬಯಿಯವರ ಕಣ್ಣಲ್ಲಿ ನೀರು ತರಿಸಿದ ವ್ರತಿಗಳು ಪೆಟ್ಟಿಗೆಯ ಹಲಗೆಯನ್ನು ಬಿಡದೆ ನೆಕ್ಕುತ್ತಿದ್ದವು. ಬೊಳ್ಳಿಯಂತೂ ಮೂಲೆಯಲ್ಲಿ ಸಿಕ್ಕಿದ ಒಂದು ಬಾಲದ ಚೂರನ್ನು ಕಾಲಡಿ ಒತ್ತಿ ಹಿಡಿದು ಗುರುಗುಟ್ಟಿತು.

ಬೆಕ್ಕುಗಳನ್ನು ಮನೆಗೆ ತಂದಿಳಿಸಿದ ಮೇಲೆ, ಮೀನನ್ನು ತಾನೇ ಕ್ಲೀನ್ ಮಾಡಿ ಬೇಯಿಸಿ ಕೊಡುತ್ತೇನೆಂದು ಮುನವ್ವರ್ ಹೇಳಿದ. ಅನಂತಮತಿಯಮ್ಮ ಒಪ್ಪಲಿಲ್ಲ. ಹಿತ್ತಿಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಜೀವನದಲ್ಲಿ ಮೊದಲ ಸಲ ಮೀನು ಮುಟ್ಟಿದರು. ಬಾಳೆಯ ಬುಡಕ್ಕೆ ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಮತ್ತೆ ಬಂದು ಸೌಟು ಹಿಡಿದರು. ಆಮೇಲೆ ಮಿಂದು, ಜಪ ಮಾಡಿ, ಆ ದಿನ ಹನಿ ನೀರೂ ಕುಡಿಯದೆ ಕೂತರು. ಪಾಪ ತನಗಿರಲಿ, ಕಣ್ಣು ಅದಕ್ಕಿರಲಿ ಎಂದುಕೊಂಡರು.

ಮಧ್ಯಾಹ್ನ ಚಂದ್ರರಾಜ ಬಂದ. ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲೇ ನಿಂತ.

‘‘ಅಕ್ಕ, ಇಷ್ಟು ಬೆಕ್ಕಿಗೋಸ್ಕರ ಎಷ್ಟು ಮೀನಿನ ಜೀವ ಹೋಯ್ತು, ಯೋಚಿಸಿದಿರಾ?’’

ಅವನು ಜನ್ಮದಲ್ಲಿ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಅನಂತಮತಿಯಮ್ಮ ಅದನ್ನು ಹಗುರ ಮಾಡಲಿಲ್ಲ.

‘‘ಯೋಚಿಸಿದೆ. ಅದಕ್ಕೇ ನಾನು ಇವತ್ತು ಉಂಡಿಲ್ಲ. ಬೊಳ್ಳಿಯ ಕಣ್ಣಿಗೆ ನೀನು ಎಷ್ಟು ದಿನ ಉಪವಾಸ ಮಾಡ್ತೀ?’’

‘‘ಅದಿರಲಿ. ದ್ವಾರದ ಉದ್ಘಾಟನೆಗೆ ಮುಂಬಯಿಯವರು ಬರ್ತಾರೆ. ಫ್ಲೆಕ್ಸಲ್ಲಿ ಇರುವ ಬೆಕ್ಕು ಎಲ್ಲಿ ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ? ಒಂದು ದಿನಕ್ಕೆ ಬೊಳ್ಳಿಯನ್ನು ಕೊಡಿ ಅಕ್ಕ. ಬರೀ ಫೋಟೋಕ್ಕೆ.’’

‘‘ಒಂದು ದಿನ ಯಾಕೆ? ಈಗಲೇ ತೆಗೆ.’’

ಅಭ್ಯಾಸಬಲದಿಂದ ಚಂದ್ರರಾಜ ಮೊಬೈಲು ಎತ್ತಿ ಹಿಡಿದ. ಸದ್ದು ಬಂದ ಕಡೆಗೆ ಬೊಳ್ಳಿ ತಲೆ ಎತ್ತಿತು. ಬಲಗಣ್ಣು ಅವನನ್ನು ಹುಡುಕುತ್ತಿತ್ತು, ಎಡಗಣ್ಣು ಎಲ್ಲೋ ನೆಟ್ಟಿತ್ತು, ಬಾಯಿಯಿಂದ ಬೂತಾಯಿಯ ಬಾಲ ನೇತಾಡುತ್ತಿತ್ತು. ಚಂದ್ರರಾಜ ಫೋಟೋ ತೆಗೆಯದೆ ಮೊಬೈಲನ್ನು ಕಿಸೆಗೆ ಹಾಕಿಕೊಂಡ.

‘‘ತೆಗೆಯೋ ಚಂದ್ರ,’’ ಅಂದರು ಅನಂತಮತಿಯಮ್ಮ. ‘‘ಈ ಫೋಟೋದ ಕೆಳಗೆ ನನ್ನ ಹೆಸರು ಹಾಕು.’’